ಹೊಗೆಮನೆಯಿಂದ ಬಂದ ಚೀಲ

ಇನ್ನೊಬ್ಬರ ಕೈಚೀಲ ತುಸು ಉಬ್ಬಿದ್ದರೆ ಸಾಕು, ಒಳಗಿರುವುದು ಕದ್ದ ಮಾಲೇ ಎಂದು ನೀವೂ ತೀರ್ಮಾನಿಸಿಬಿಡುತ್ತೀರಿ, ಅಲ್ಲವೇ? ಹಾಗಾದರೆ ಜಿಗಣಿಯ ರಬ್ಬರ್ ಕಾರ್ಖಾನೆಯ ಸೂಪರ್‌ವೈಸರ್ ಮುನೀಂದ್ರ ನಿಮ್ಮ ಪೈಕಿಯವನೇ.

ಅವನು ಹೊಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಒಳಗಿನಿಂದ ಹೊರಬಂದವಳು ಒಲೆಗೆ ಸೌದೆ ಒಟ್ಟುವ ಅಂಜಿನಮ್ಮ. ಎದೆಗೆ ಅವುಚಿಕೊಂಡಿದ್ದ ಚೀಲ ಉಬ್ಬಿತ್ತು.

ಹೊಗೆಮನೆಯೊಳಗೆ ಬಿದಿರಿನ ಕೋಲುಗಳ ಮೇಲೆ ಹಸಿ ರಬ್ಬರ್ ಹಾಳೆಗಳು ನೇತಾಡುತ್ತ ಹೊಗೆಯ ಕಾವಿನಲ್ಲಿ ಒಣಗುತ್ತವೆ. ಸರಿಯಾಗಿ ಒಣಗಿದ ಹಾಳೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ತೇವ ಉಳಿದರೆ ಬಿಳಿ ಚುಕ್ಕೆ. ಜಡಿಮಳೆ ಹಿಡಿದಂದಿನಿಂದ ಹಾಳೆಗಳ ತುಂಬ ಚುಕ್ಕೆಯೇ. ಖರೀದಿಗೆ ಬರುವ ಸೌಮ್ಯ ಮೇಡಂ ಇಂದೂ ಮಾಲು ತಿರಸ್ಕರಿಸಿದರೆ ಮುನೀಂದ್ರನ ಹುದ್ದೆ ಹೋಗುವುದೆಂದು ಮಾಲೀಕ ಗುರುರಾಜ್ ಎಚ್ಚರಿಸಿದ್ದರು.

ಮುನೀಂದ್ರ ಶಿಸ್ತಿನ ಮೂರ್ತಿ. ಉಳಿದವರೆಲ್ಲ ಒದ್ದೆ ಅಂಗಿಯಲ್ಲಿ ಸೀನುತ್ತ ಬರುವಾಗ ಅವನೊಬ್ಬನದೇ ಗರಿಗರಿ. "ಶಿಸ್ತಿದ್ರೆ ಬಟ್ಟೆ ತಾನಾಗೇ ಒಣಗುತ್ತೆ ಕಣ್ರೋ!" ಎಂಬುದು ನಿತ್ಯೋಪದೇಶ. ಬಿಳಿ ಅಂಗಿಗೆ ಇತ್ತೀಚೆಗೆ ಹೊಂಬಣ್ಣದ ಛಾಯೆ ಬಂದಿತ್ತು; ಹೊಸ ಸೋಪಿನ ಗುಣವೆಂದು ಹೆಂಡತಿ ಮಂಜುಶ್ರೀ ಹೇಳಿದ್ದಳು.

"ರಬ್ಬರ್ ಕದಿಯೋಕೆ ಬಾಗ್ಲು ತೆಗ್ದು ತೆಗ್ದು ಕಾವೆಲ್ಲ ಹೊರಗೆ ಬಿಟ್ಟಿದ್ದೀರ! ಚೀಲ ಬಿಚ್ಚಿ!"

"ಬ್ಯಾಡ ಸಾರ್. ಎಲ್ರ ಮುಂದೆ ಬಿಚ್ಚಿದ್ರೆ ಮಾನ ಓಯ್ತದೆ."

"ಹೋಗ್ಲಿ!"

"ಒಂದ್ಸಲ ಯೋಚ್ನೆ ಮಾಡಿ ಸಾರ್. ಚಂದಾಪುರದಾಗೆ ನಾವು ಒಂದೇ ವಠಾರದೋರು."

"ವಠಾರದ ಸಲುಗೆ ಇಲ್ಲಿ ನಡೆಯಲ್ಲ!"

"ಬಿಚ್ಚಿಸಿ ಸಾರ್, ಸಕ್ಕತ್ತಾಗೈತೆ!" ಎಂದು ಲೋಡರ್ ನಲ್ಲಪ್ಪ ಶಿಳ್ಳೆ ಹಾಕಿದ.

ಅಷ್ಟರಲ್ಲಿ ಗುರುರಾಜ್ ಮತ್ತು ಸೌಮ್ಯ ಒಂದೇ ಕೊಡೆಯಡಿ ಓಡಿಬಂದರು. ಮುನೀಂದ್ರನಿಗೆ ಇದಕ್ಕಿಂತ ಸುಮುಹೂರ್ತ ಬೇಕೇ? ಪ್ರಾಮಾಣಿಕತೆಯ ಕುರಿತು ಪುಟ್ಟದೊಂದು ಭಾಷಣ ಬಿಗಿದು, ಚೀಲ ಕಸಿದು, ತಲೆಕೆಳಗಾಗಿ ಕೊಡವಿದ.

ರಬ್ಬರ್ ಬೀಳಲಿಲ್ಲ. ಮೂರು ಅಂಗಿಗಳು ಬಿದ್ದವು. ಜೇಬಿನ ಮೇಲೆ ಕೆಂಪು ದಾರದಲ್ಲಿ 'ಸೂಪರ್‌ವೈಸರ್' ಎಂಬ ಕಸೂತಿ. ಅವುಗಳ ಮೇಲೆ, ಕಿರೀಟದಂತೆ, ಹಳದಿ ಪಟ್ಟೆಯ ಚಡ್ಡಿ.

"ನಿಮ್ ಮನೆಯೋರು ದಿನಾ ಒದ್ದೆ ಬಟ್ಟೆ ಕೊಟ್ಟು ಕಳಿಸ್ತಾರೆ, ಹಾಳೆಗಳ ಮಧ್ಯೆ ನೇತಾಕ್ತೀನಿ," ಎಂದಳು ಅಂಜಿನಮ್ಮ. "ನೀವೇ ಯೋಳಿರ್ತೀರಿ ಅಂದ್ಕಂಡಿದ್ದೆ ಸಾರ್!"

ಸೌಮ್ಯ ಅಂಗಿಯೊಂದನ್ನು ರಬ್ಬರ್ ಹಾಳೆಯಂತೆಯೇ ಬೆಳಕಿಗೆ ಹಿಡಿದರು. "ಜೇನಿನ ಬಣ್ಣ. ಒಂದು ಚುಕ್ಕೆನೂ ಇಲ್ಲ. ಇವತ್ತಿನ ಮಾಲಲ್ಲಿ ಪಾಸಾಗಿದ್ದು ಇದೊಂದೇ ಗುರುರಾಜ್ ಅವ್ರೇ!" ಗುರುರಾಜ್ ನಗುತ್ತಲೇ ಮುನೀಂದ್ರನ ಹೊಸ ಹುದ್ದೆಯನ್ನು ಅವನ ಕೈಗಿತ್ತರು: ಒಂದು ಹೊರೆ ಸೌದೆ.

ಓದುಗರೇ, ನಾಳೆ ಯಾರದೇ ಚೀಲಕ್ಕೆ ಕೈಹಾಕುವ ಮುನ್ನ, ದಯವಿಟ್ಟು, ನಿಮ್ಮ ಕಾಲರನ್ನೊಮ್ಮೆ ಮೂಸಿ ನೋಡಿಕೊಳ್ಳಿ.