ಹೋದ ವಾರದ ಪುಟ

ಘಟ್ಟದ ಕೋಟೆ, ಹಳೇ ಬಂಗಲೆಗಳನ್ನೆಲ್ಲ ನೋಡಿ ಬರುತ್ತೇನೆಂದು ಬೈಕಿನಲ್ಲಿ ಹೋದ ಮಧುಕೇಶ ಐದು ತಿಂಗಳಾದರೂ ಹಿಂದಿರುಗಿರಲಿಲ್ಲ. ಅವನು ಗುರುತು ಹಾಕಿಟ್ಟಿದ್ದ ನಕ್ಷೆಯ ಇನ್ನೊಂದು ಪ್ರತಿ ಮನೆಯಲ್ಲಿತ್ತು. ಅದನ್ನು ಹಿಡಿದು ಅವನ ಹೆಂಡತಿ ಕಾರು ಓಡಿಸುತ್ತಿದ್ದಳು. ಪಕ್ಕದಲ್ಲಿ ಮಾವ. ನಿವೃತ್ತ ಮೇಷ್ಟ್ರು, ಇವತ್ತಿಗೂ ಇಂಕ್ ಪೆನ್ನು ಬಿಡದವರು. ಮಗನಿಗೆ ಅಕ್ಷರ ತಿದ್ದಿಸಿದವರೂ ಅವರೇ.

ರಾಜರ ಕಾಲದ ಉದ್ಯಾನ, ಕೋಟೆ, ಆ ಘಟ್ಟದಲ್ಲಿ ಮೊದಲು ಕಾಫಿ ನೆಟ್ಟವರ ಬಂಗಲೆ. ಎಲ್ಲಿ ಹೋದರೂ, "ನೀನು ಗಾಡಿ ನಿಲ್ಸಿ ಬಾಮ್ಮ" ಎಂದು ಮಾವ ಮೊದಲೇ ಇಳಿದು ಒಳಗೆ ಹೋಗುತ್ತಿದ್ದರು. ಅವಳು ಬರುವಷ್ಟರಲ್ಲಿ ಸಂದರ್ಶಕರ ಪುಸ್ತಕ ತೆರೆದಿರುತ್ತಿತ್ತು.

ಬಂಗಲೆಯಲ್ಲೂ ಹಾಗೇ. ಹೋದ ವಾರದ ಪುಟದ ಕೊನೆಯಲ್ಲಿ ಮಧುಕೇಶನ ಹೆಸರಿತ್ತು.

"ನೋಡು, ಇಲ್ಲಿಗೂ ಬಂದಿದಾನೆ. ಅವನದೇ ಅಕ್ಷರ ಅಲ್ವೇನಮ್ಮ?"

ಅವಳು ಆ ಹೆಸರಿನ ಮೇಲೆ ಬೆರಳಾಡಿಸಿದಳು.

"ಹೂಂ ಮಾವ, ಅವರದೇ."

ಕಾರಿಗೆ ಬಂದು ನಕ್ಷೆ ಹರಡಿದಳು. ಇನ್ನೂ ಮೂರು ಜಾಗ ಉಳಿದಿದ್ದವು. ಬೆರಳಿಗೆ ಹತ್ತಿದ ನೀಲಿಯನ್ನು ಕರ್ಚೀಫಿಗೆ ಒರೆಸುತ್ತ ಹೇಳಿದಳು:

"ಮುಂದಿನ ಕಡೆ ಸ್ವಲ್ಪ ತಡೆದು ತೋರ್ಸಿ ಮಾವ. ಶಾಯಿ ಆರಲಿ."