ಬೇಗ ಬನ್ನಿ

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಮತ್ತೆ ಕಾಣಿಸಿಕೊಂಡಳು. "ಓ ನೆಗೆಟಿವ್ ಇನ್ನೂ ಸಿಗ್ಲಿಲ್ವಾ? ತಡ ಆದ್ರೆ ನಿಮ್ಮಣ್ಣನ್ನ ಉಳಿಸ್ಕೊಳ್ಳೋದು ಕಷ್ಟ."

ಇಂದುಶ್ರೀ ಮೊಬೈಲಿನ ಕೆಂಪು ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ರಕ್ತದಾನಿಗಳನ್ನು ಕರೆಯುವ ಆ ಆ್ಯಪ್ ಅವಳೇ ಕಟ್ಟಿದ್ದು. 'ಎಲ್ಲ ದಾನಿಗಳಿಗೂ ಸಂದೇಶ ತಲುಪಿದೆ' ಎಂದಿತು ಪರದೆ.

"ತಲುಪಿದ್ಮೇಲೆ ಒಬ್ರಾದ್ರೂ ಬರ್ಬೇಕಲ್ವೇನೇ?" ಅತ್ತಿಗೆ ಅವಳ ತೋಳು ಹಿಡಿದು ಅಲ್ಲಾಡಿಸಿದಳು.

"ಬರ್ತಾರೆ ಅತ್ತಿಗೆ. ಹೋದ ತಿಂಗಳು ಯಾರೋ ಬಾಣಂತಿಗೆ ಅಂದಾಗ ಓಡೋಡಿ ಬಂದಿದ್ರು. ಈಗಿರೋ ಹೊಸ ಆ್ಯಪ್ ಇನ್ನೂ ಚುರುಕು, ಬೆಳಿಗ್ಗೆ ತಾನೆ ಪರೀಕ್ಷೆ ಮಾಡಿ ಹಾಕಿದೀನಿ."

ಆ್ಯಪಿಗೆ ತಾನಾಗಿ ಯಾರ ನಂಬರೂ ತಿಳಿಯದು. ಶುರು ಮಾಡುವವರು ಯಾವ ಸೆಟ್ಟಿಂಗ್ ಕೊಟ್ಟಿರುತ್ತಾರೋ ಅದರಲ್ಲಿರುವ ನಂಬರುಗಳಿಗೆ ಕಳಿಸುತ್ತದೆ, ಅಷ್ಟೆ. ಪರೀಕ್ಷೆಗೆ ಒಂದು ಸೆಟ್ಟಿಂಗ್, ನಿಜ ಬಳಕೆಗೆ ಇನ್ನೊಂದು. ಯಾರಿಗೂ ಸುಳ್ಳು ಕರೆ ಹೋಗಬಾರದೆಂದು ಹಾಗೆ ಬೇರೆ ಮಾಡಿಟ್ಟಿದ್ದೇ ಅವಳ ಹೆಮ್ಮೆ.

ಮೆಟ್ಟಿಲ ಕಡೆಯಿಂದ ಯಾರ ಹೆಜ್ಜೆಯೂ ಕೇಳಲಿಲ್ಲ. "ಈ ಊರಲ್ಲಿ ಮನುಷ್ಯರೇ ಇಲ್ವಾ?" ಎಂದು ಹಲ್ಲು ಕಚ್ಚಿ ಮತ್ತೆ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು.

ಫೋನು ಹೊಡೆದುಕೊಂಡಿತು. ದಾನಿಯಿರಬೇಕೆಂದು ತಕ್ಷಣ ಎತ್ತಿದಳು. ಮನೆಯಿಂದ ಅವಳ ಅತ್ತೆ.

"ಆಮೇಲೆ ಮಾತಾಡ್ತೀನಿ ಅತ್ತೆ, ಇಡಿ."

"ಇಡ್ತೀನಿ ಕಣಮ್ಮ. ಬೆಳಿಗ್ಗೆ ನೀನು ಒತ್ತಿ ಒತ್ತಿ ನೋಡ್ತಿದ್ದ ಹಳೇ ಫೋನು ಆಗಿಂದ ಬಡ್ಕೊಳ್ತಾನೇ ಇದೆ, ಮಗು ಮಲಗ್ತಿಲ್ಲ. 'ಫಕೀರಪ್ಪನವರೇ ಬೇಗ ಬನ್ನಿ, ನಸೀಮಾ ಅವರೇ ಬೇಗ ಬನ್ನಿ, ರಕ್ತ ಬೇಕು' ಅಂತ ಸಾಲು ಸಾಲು ಬರ್ತಿದೆ. ಯಾರಮ್ಮ ಇವರೆಲ್ಲ, ಎಲ್ಲರೂ ಸೇರಿ ಒಂದೇ ಫೋನು ಇಟ್ಕೊಂಡಿದಾರಾ?"