ಹದಿನೆಂಟು ಡಿಗ್ರಿಯ ಹೋಳು

“ಕೈ ತೆಗಿ! ಇನ್ನೂ ಹದಿನೆಂಟು ಡಿಗ್ರಿ ಆಗಿಲ್ಲ,” ಎಂದು ಲೋವೆಲ್ ಹೆಂಡತಿಯ ಕೈಯಿಂದ ಚಾಕು ಕಿತ್ತುಕೊಂಡ. ಹಿಟ್ಟಿನ ಕವಚದೊಳಗೆ ಚೆರ್ರಿ ಹಣ್ಣು ತುಂಬಿ ಬೇಯಿಸಿದ, ಇನ್ನೂ ಬಿಸಿ ಆರದ ದುಂಡನೆಯ ಪೈಯ ಮೇಲೆ ಶಾಲೆಮಕ್ಕಳ ಕೋನಮಾಪಕ ಕೂತಿತ್ತು. ಒಟ್ಟು ಇಪ್ಪತ್ತು ಹೋಳು, ಒಂದೊಂದೂ ಹದಿನೆಂಟು ಡಿಗ್ರಿ. ಒಳಗಿದ್ದದ್ದು ಬೀದಿ ಕೊನೆಯ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ತಂದ ಗಾಂಜಾ ಬೆಣ್ಣೆ. ಡಬ್ಬಿಯ ಮೇಲೆ ಅಮಲಿನ ಅಂಶ ನೂರು ಮಿಲಿಗ್ರಾಂ ಎಂದು ಬರೆದಿತ್ತು. ಭಾಗಿಸಿದರೆ ತಲಾ ಐದು. ಗಾಂಜಾಕ್ಕೆ ಕಾನೂನಿನ ಅಡ್ಡಿಯಿಲ್ಲದ ಡೆನ್ವರಿನಲ್ಲಿ ಅಷ್ಟನ್ನು ಅಜ್ಜಿಯರು ಕಾಫಿಯ ಜೊತೆ ತಿಂದು ಹೊಲಿಗೆಗೆ ಕೂರುತ್ತಾರೆ.

“ಬೆಣ್ಣೆ ಹಾಕಿದ್ಮೇಲೆ ಹಣ್ಣನ್ನ ಕಲಸಿದ್ಯಾ?” ಎಂದಳು ಕೊರೀನ್. ಇಪ್ಪತ್ತೆರಡು ವರ್ಷದಿಂದ ಬೇಕರಿಯಲ್ಲಿ ಹಿಟ್ಟು ನಾದುವವಳು. ಇಂಥ ಕ್ಷುಲ್ಲಕ ಪ್ರಶ್ನೆಗಳು ಆ ವೃತ್ತಿಯಿಂದ ಅಂಟಿಕೊಳ್ಳುತ್ತವೆ.

“ಕಲಸೋದೇನು? ಒಂದು ಕಡೆ ಸುರಿದೆ. ಎಲ್ಲ ಕಡೆ ಸಮವಾಗಿ ಹರಡಿದೆ ಅಂತ ಇಟ್ಕೊಳ್ಳೋಣ.”

“ನೀನು ಇಟ್ಕೊಂಡ್ರೆ ಅದು ಹರಡತ್ತಾ?”

“ಗಣಿತ ಶುರುವಾಗೋದೇ ಅಲ್ಲಿಂದ ಕಣೇ.”

ಕರೆಗಂಟೆ ಸದ್ದು ಮಾಡಿತು. ಮೂರನೆಯ ತಿಂಗಳು, ಹದಿನಾಲ್ಕನೆಯ ತಾರೀಖು, ಒಂದು ಗಂಟೆ ಐವತ್ತೊಂಬತ್ತು ನಿಮಿಷ. ಪೈ ಎಂಬ ಸಂಖ್ಯೆಯ ಮೊದಲ ಆರು ಅಂಕಿಗಳು, 3.14159, ಕೂಡಿಬರುವ ಈ ಗಳಿಗೆಗೆ ಗಣಿತದವರು ವರ್ಷವಿಡೀ ಕಾಯುತ್ತಾರೆ. ಅವರನ್ನು ಬೇರೆ ಹಬ್ಬಗಳಿಗೆ ಯಾರೂ ಕರೆಯುವುದಿಲ್ಲ. ಬಂದವರು ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥೆ ಥೆಲ್ಮಾ ವೆನಬಲ್. ಅವರ ಕೈಕೆಳಗೆ ಲೋವೆಲ್ ಏಳು ವರ್ಷದಿಂದ ವರ್ಷವರ್ಷದ ಗುತ್ತಿಗೆಯಲ್ಲಿ ಪಾಠ ಹೇಳುತ್ತಿದ್ದ. ಈ ವಸಂತದಲ್ಲಿ ಒಂದೇ ಒಂದು ಕಾಯಂ ಹುದ್ದೆ ತೆರವಾಗಿತ್ತು. ಶಿಫಾರಸು ಬರೆಯುವವರು ಥೆಲ್ಮಾ. ಥೆಲ್ಮಾಗೆ ಮಂಡಿನೋವು. “ಆ ಬೆಣ್ಣೇದೇ ಮಾಡು, ನನ್ನ ಮಂಡಿಗೂ ಹಬ್ಬ ಆಗ್ಲಿ,” ಎಂದು ಅವರೇ ಹೇಳಿ ಮಾಡಿಸಿದ್ದರು.

ಥೆಲ್ಮಾ ಮೊದಲ ಹೋಳು ತಿಂದರು. ಅರ್ಧ ಗಂಟೆ ಕಾದರು. ಮಂಡಿ ಮಡಚಿ, ಚಾಚಿ ನೋಡಿದರು.

“ಇದು ನಿನ್ನ ಸಂಶೋಧನಾ ಪ್ರಬಂಧದ ಹಾಗೇ ಇದೆ ಲೋವೆಲ್. ಅಂಚೆಲ್ಲ ಅಚ್ಚುಕಟ್ಟು, ಒಳಗೆ ಏನೂ ಇಲ್ಲ.” ತಟ್ಟೆ ತಿರುಗಿಸಿ ಎದುರು ಬದಿಯ ಹೋಳಿಗೆ ಕೈ ಹಾಕಿದರು.

“ಸ್ವಲ್ಪ ತಡೀರಿ ಥೆಲ್ಮಾ,” ಎಂದಳು ಕೊರೀನ್. “ಹೊಟ್ಟೆಗೆ ಹೋದದ್ದು ತಲೆಗೇರೋಕೆ ಒಂದೂವರೆ ಗಂಟೆ ಬೇಕು. ಅದೂ ಅಲ್ದೆ, ಇವನು ಬೆಣ್ಣೆ ಸುರಿದದ್ದು...”

“ಐದೂ ಐದೂ ಹತ್ತು, ಅಷ್ಟೇ!” ಎಂದು ಲೋವೆಲ್ ನಕ್ಕ. ಮೇಜಿನ ಕೆಳಗೆ ಅವಳ ಕಾಲು ತುಳಿದ. ಮುಖ್ಯಸ್ಥೆಯರ ಕೈ ತಡೆಯುವುದು ಗುತ್ತಿಗೆಯವರ ಕೆಲಸವಲ್ಲ.

ನಾಲ್ಕು ಗಂಟೆಗೆ ಥೆಲ್ಮಾ ವೆನಬಲ್ ಜಮಖಾನದ ಮೇಲೆ ಅಂಗಾತ ಮಲಗಿ, ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡು ಅಳುತ್ತಿದ್ದರು. “ಪಾಪ, ವೃತ್ತಕ್ಕೆ ಒಂದು ಮೂಲೇನೂ ಇಲ್ಲ. ಅದಕ್ಕೆ ದುಃಖ ಬಂದ್ರೆ ಎಲ್ಲಿ ಹೋಗಿ ಕೂತ್ಕೊಳ್ಳತ್ತೆ?”

ಕೊರೀನ್ ತಲೆದಿಂಬು ಕೊಟ್ಟು ನೀರು ಕುಡಿಸಿದಳು. “ಭಯ ಪಡಬೇಡಿ, ರಾತ್ರಿಯೊಳಗೆ ಇಳಿಯತ್ತೆ. ನಾನು ಇಲ್ಲೇ ಇರ್ತೀನಿ. ಬೆಣ್ಣೆಯೆಲ್ಲ ನೀವು ಎರಡನೇ ಸಲ ತಿಂದ ಕಡೇನೇ ನಿಂತಿತ್ತು. ಕಲಸಿದ್ಯಾ ಅಂತ ಕೇಳಿದೆ. ಸಮವಾಗಿದೆ ಅಂತ ಇಟ್ಕೊಳ್ಳೋಣ ಅಂದ.”

“ಇಟ್ಕೊಳ್ಳೋಣ ಅಂದ್ನಾ?” ಥೆಲ್ಮಾ ಅಳು ನಿಲ್ಲಿಸಿ ತಟ್ಟೆಯನ್ನು ಪಕ್ಕಕ್ಕಿಟ್ಟರು. “ಲೋವೆಲ್, ಆ ಕಾಯಂ ಹುದ್ದೆ ಯಾರಿಗೆ ಕೊಡಬೇಕು ಅಂತ ನನಗೆ ಈಗ ಹೊಳೀತು.”

ಮಾತು ಮುಗಿಯುವಷ್ಟರಲ್ಲಿ ಲೋವೆಲ್ ಮಂಡಿಯೂರಿ ಅವರ ಕೈಗೆ ಪೆನ್ನು ಹಿಡಿಸಿದ್ದ. ಹಾಳೆ ಹುಡುಕುವಷ್ಟರಲ್ಲಿ ಅವರ ಮನಸ್ಸು ಬದಲಾದೀತೆಂದು ಕೈ ಒರೆಸುವ ಕಾಗದವನ್ನೇ ಹಾಸಿದ್ದ. ಥೆಲ್ಮಾ ನಾಲಿಗೆ ಕಚ್ಚಿಕೊಂಡು, ಅಕ್ಷರ ಅಕ್ಷರಕ್ಕೂ ನಿಂತು ಬರೆದು, ದೊಡ್ಡದಾಗಿ ಸಹಿ ಮಾಡಿ, ದಿನಾಂಕ ಹಾಕಿದರು. ಲೋವೆಲ್ ಕೈ ಚಾಚಿದ. ಅವರು ಆ ಕೈಯನ್ನು ದಾಟಿ ಕಾಗದವನ್ನು ಕೊರೀನ್‌ಗೆ ನೀಡಿದರು. ಅದರಲ್ಲಿದ್ದದ್ದು ಅವಳದೇ ಹೆಸರು.

“ನನ್ನ ವಿಭಾಗದಲ್ಲಿ ಹದಿನಾಲ್ಕು ಜನ ಇದಾರೆ ಕಣಮ್ಮ. ಎಲ್ಲರೂ ಇಟ್ಕೊಳ್ಳೋಣ ಅನ್ನೋರೇ. ಕಲಸಿದ್ಯಾ ಅಂತ ಕೇಳೋರು ಒಬ್ಬರೂ ಇಲ್ಲ.”

ಲೋವೆಲ್ ಹೆಂಡತಿಯ ಕಿವಿಗೆ ಬಾಗಿದ. “ತಗೋ ಕೊರೀನ್, ಹೂಂ ಅನ್ನು. ಸಹಿ ನಿಜವಾದದ್ದು. ಹೆಸರು ನಾಳೆ ತಿದ್ದಿಸೋಣ. ನಾವಿಬ್ಬರೂ ಒಂದೇ ಅಂತ ಇಟ್ಕೊಳ್ಳೋಣ.”

ಕೊರೀನ್ ಕೋನಮಾಪಕಕ್ಕೆ ಮೆತ್ತಿದ್ದ ಚೆರ್ರಿ ಪಾಕವನ್ನು ಒರೆಸಿ, ಅದನ್ನು ಗಂಡನ ಕೈಗಿತ್ತಳು.

“ಬೇಡ ಥೆಲ್ಮಾ,” ಎಂದಳು. “ನನಗೆ ಕೆಲಸ ಇದೆ.”